ರೈಲು ಬಾರದ ಊರಿನಲ್ಲಿ ರೈಲುಗಾಡಿ: ತಮಾಲೆಯ ರೆಡ್ ಕ್ಲೇ ಕಲಾಕೇಂದ್ರದಲ್ಲಿ ಎರಡು ದಿನ

ಘಾನಾದ ರೈಲು ದೇಶದ ಉತ್ತರ ಭಾಗದ ನಗರವಾದ ತಮಾಲೆಯನ್ನು ಎಂದೂ ಮುಟ್ಟಲಿಲ್ಲ. ಬ್ರಿಟಿಷ್ ವಸಾಹತು ಸರ್ಕಾರ 1898ರಲ್ಲಿ ಕರಾವಳಿಯ ಸೆಕೊಂಡಿಯಿಂದ ಹಳಿ ಹಾಕಲು ತೊಡಗಿ 1903ರಲ್ಲಿ ಕುಮಾಸಿಯವರೆಗೆ ಒಯ್ದಿತು. ಚಿನ್ನದ ಗಣಿಗಳೂ ಕಾಡುಮರವೂ ಕೋಕೋ ತೋಟಗಳೂ ಇದ್ದ ದಕ್ಷಿಣದ ಸೀಮೆಯಲ್ಲೇ ಆ ಹಳಿಗಳು ಉಳಿದುಕೊಂಡವು. ಉತ್ತರದ ಹುಲ್ಲುಗಾಡಿನ ಪ್ರದೇಶದಿಂದ ಆ ಸರ್ಕಾರ ಬಯಸಿದ್ದು ಮುಖ್ಯವಾಗಿ ಗಣಿ ಮತ್ತು ತೋಟಗಳಿಗೆ ಬೇಕಾದ ಕೂಲಿಯಾಳುಗಳನ್ನು. ಇಷ್ಟನ್ನು ತಿಳಿದು ಹೋದವರಿಗೆ, ತಮಾಲೆಯ ಹೊರವಲಯದ ಜಾನಾ ಕ್ಪೆಂಗ್‌ನಲ್ಲಿ, ಕೆಂಪು ಮಣ್ಣಿನ ಬಯಲಿನಲ್ಲಿ, ಹಳೆಯ ರೈಲು ಬೋಗಿಗಳು ಎದುರಾದಾಗ, ಅವನ್ನು ಅಷ್ಟು ದೂರ ಯಾಕೆ ಹೊತ್ತು ತಂದಿದ್ದಾರೆ ಎಂಬುದು ಯಾವ ಫಲಕದ ಸಹಾಯವೂ ಇಲ್ಲದೆ ಅರ್ಥವಾಗತೊಡಗುತ್ತದೆ.

ಈ ಜಾಗದ ಹೆಸರು ರೆಡ್ ಕ್ಲೇ. ಕಲಾವಿದ ಇಬ್ರಾಹಿಂ ಮಹಾಮಾ ಇದನ್ನು ಕಟ್ಟಿಸಿದ್ದಾರೆ. 1987ರಲ್ಲಿ ತಮಾಲೆಯಲ್ಲೇ ಹುಟ್ಟಿ, ಕುಮಾಸಿಯ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಮತ್ತು ಶಿಲ್ಪಕಲೆ ಕಲಿತ ಇವರು, ಹಳೆಯ ಗೋಣಿಚೀಲಗಳನ್ನು ಹೊಲಿದು ಕಟ್ಟಡಗಳಿಗೇ ಹೊದಿಸುವ ಕೃತಿಗಳಿಂದ ಜಗತ್ತಿಗೆ ಪರಿಚಿತರಾದರು. ಆ ಕೃತಿಗಳ ಮಾರಾಟದಿಂದ ಬಂದ ಹಣವನ್ನು ಊರಿಗೆ ತಂದು 2019ರಲ್ಲಿ ಸವನ್ನಾ ಸಮಕಾಲೀನ ಕಲಾಕೇಂದ್ರವನ್ನೂ, 2020ರಲ್ಲಿ ರೆಡ್ ಕ್ಲೇಯನ್ನೂ ತೆರೆದರು. ಆಮೇಲೆ ನಗರದಲ್ಲಿ ಪಾಳುಬಿದ್ದಿದ್ದ ಒಂದು ಕಣಜದ ಕಟ್ಟಡವನ್ನು ಕೊಂಡು ಅದನ್ನೂ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. ಕಲೆಯ ಬಗ್ಗೆ ಏನೂ ತಿಳಿಯದವರೂ ಒಳಗೆ ಬಂದು, ಇಟ್ಟಿಗೆಯ ಕಟ್ಟೆಯ ಮೇಲೆ ಕುಳಿತು, ಬೇಕಾದಷ್ಟು ಹೊತ್ತು ಇದ್ದು ಹೋಗಬಹುದು. ನಾನು ಹೋದ ಎರಡೂ ದಿನ ಅಲ್ಲಿ ವಿದೇಶಿ ಪ್ರವಾಸಿಗರಿಗಿಂತ ಸಮವಸ್ತ್ರ ತೊಟ್ಟ ಶಾಲಾ ಮಕ್ಕಳೇ ಹೆಚ್ಚಾಗಿದ್ದರು.

ಆಫ್ರಿಕಾದ ಸಮಕಾಲೀನ ಕಲೆಯಲ್ಲಿ ಬಳಸಿ ಬಿಟ್ಟ ವಸ್ತುಗಳಿಗೆ ದೊಡ್ಡ ಸ್ಥಾನವಿದೆ ಎಂಬುದನ್ನು ನಾನು ಬಹಳ ವರ್ಷಗಳಿಂದ ಓದಿದ್ದೆ, ಬೇರೆ ಬೇರೆ ದೇಶಗಳ ಪ್ರದರ್ಶನಗಳಲ್ಲಿ ನೋಡಿಯೂ ಇದ್ದೆ. ನಮ್ಮಲ್ಲಿ ಇಂಥದ್ದನ್ನು ನೋಡಿದ ತಕ್ಷಣ ಬಾಯಿಗೆ ಬರುವ ಮಾತು ‘ಕಸದಿಂದ ರಸ’. ನನ್ನ ಬಾಯಿಗೂ ಅದೇ ಬಂದಿತ್ತು. ರೆಡ್ ಕ್ಲೇ ನೋಡಿದ ಮೇಲೆ ಆ ಮಾತನ್ನು ಈ ಕಲೆಗೆ ಅನ್ವಯಿಸಲು ಮನಸ್ಸು ಒಪ್ಪುತ್ತಿಲ್ಲ. ಕಸದಿಂದ ರಸ ಎನ್ನುವಾಗ ಮೊದಲಿದ್ದ ವಸ್ತುವಿಗೆ ಬೆಲೆಯಿರಲಿಲ್ಲ, ಕಲಾವಿದನ ಕೈ ತಾಗಿದ ಮೇಲೆ ಬಂತು ಎಂಬ ಭಾವನೆ ಇರುತ್ತದೆ. ಇಲ್ಲಿ ಕಲಾವಿದ ಆ ವಸ್ತುವನ್ನು ಆರಿಸಿಕೊಂಡಿದ್ದೇ ಅದರಲ್ಲಿ ಆಗಲೇ ತುಂಬಿಕೊಂಡಿದ್ದ ಬದುಕಿಗಾಗಿ. ಹರಿದ ಚೀಲಕ್ಕೆ ಬದಲಾಗಿ ಹೊಸ ಚೀಲ ಕೊಟ್ಟು ಹರಿದದ್ದನ್ನು ಪಡೆದುಕೊಳ್ಳುವುದು ಮಹಾಮಾ ಅವರ ಪದ್ಧತಿ. ಬೆಲೆ ಎಲ್ಲಿದೆ ಎಂದು ಅವರು ಬಗೆದಿದ್ದಾರೆ ಎಂಬುದಕ್ಕೆ ಆ ವಿನಿಮಯವೇ ಸಾಕ್ಷಿ.

ಗೋಣಿಚೀಲದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅದನ್ನು ತಿಳಿಯದೆ ನೋಡಿದರೆ ಗೋಡೆಯ ಮೇಲೆ ಕಾಣುವುದು ಕಂದು ಬಣ್ಣದ ದೊಡ್ಡದೊಂದು ಬಟ್ಟೆ ಮಾತ್ರ. ಈ ಚೀಲಗಳ ಸೆಣಬು ಏಷ್ಯಾದ್ದು. ಅಲ್ಲಿ ತಯಾರಾದ ಚೀಲಗಳನ್ನು ಘಾನಾದ ಕೋಕೋ ಮಂಡಳಿ ತರಿಸಿಕೊಳ್ಳುತ್ತದೆ, ಕೋಕೋ ಬೀಜ ತುಂಬಿಸಿ ತನ್ನ ಮುದ್ರೆ ಒತ್ತುತ್ತದೆ. ಒಮ್ಮೆ ಕೋಕೋ ಹೊತ್ತ ಚೀಲ ಮುಂದೆ ಸಂತೆಗೆ ಇಳಿದು ಅಕ್ಕಿ, ಜೋಳ, ಸಜ್ಜೆಗಳನ್ನು ಹೊರುತ್ತದೆ, ಕೊನೆಗೆ ಇದ್ದಿಲನ್ನು. ಇದ್ದಿಲು ತುಂಬಿದ ಮೇಲೆ ಅದರಲ್ಲಿ ಇನ್ನೇನನ್ನೂ ತುಂಬಲಾಗುವುದಿಲ್ಲ. ಒಂದೊಂದು ಹಂತದಲ್ಲೂ ಚೀಲದ ಮಾಲೀಕ ಬದಲಾಗುತ್ತಾನೆ, ತನ್ನ ಹೆಸರನ್ನೋ ಗುರುತನ್ನೋ ಅದರ ಮೇಲೆ ಬರೆಯುತ್ತಾನೆ, ಹರಿದಲ್ಲಿ ತೇಪೆ ಹಾಕುತ್ತಾನೆ. ಹಾಗಾಗಿ ಮಹಾಮಾ ಅವರ ಕೈಗೆ ಬರುವ ಹೊತ್ತಿಗೆ ಆ ಚೀಲ ಒಂದು ದೇಶದ ವ್ಯಾಪಾರದ ಕಡತವೇ ಆಗಿರುತ್ತದೆ: ಮುದ್ರೆ, ಎಣ್ಣೆಯ ಕಲೆ, ಮಸಿ, ಬೇರೆ ಬೇರೆ ಕೈಗಳ ಹೊಲಿಗೆ, ಒಂದರ ಮೇಲೊಂದು.

ಹತ್ತಿರ ನಿಂತು ನೋಡಿದಾಗ ನನಗೆ ನೆನಪಾದದ್ದು ಕೌದಿ. ಹಳೆಯ ಸೀರೆಯ ತುಂಡುಗಳಲ್ಲಿ ಮನೆಯವರೆಲ್ಲ ಯಾವ ತುಂಡು ಯಾರದ್ದೆಂದು ಗುರುತಿಸುವಂತೆ, ಈ ಗೋಣಿಯ ಹೊದಿಕೆಯಲ್ಲಿ ಸಂತೆಯವರು, ಲಾರಿಯವರು, ಹಮಾಲರು ತಮ್ಮ ತಮ್ಮ ಚೀಲವನ್ನು ಗುರುತಿಸಬಹುದು. ಅದನ್ನು ಹೊಲಿದವರು ಕೂಡ ಅದೇ ಲೋಕದವರು. ಉತ್ತರದ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ದಕ್ಷಿಣದ ನಗರಗಳಿಗೆ ಹೋಗುವ ಹೆಂಗಸರು ಅನೇಕರು. ತಲೆಹೊರೆ ಹೊತ್ತು ಬದುಕುವ ಇವರನ್ನು ಅಲ್ಲಿ ಕಾಯಾಯೇ ಎನ್ನುತ್ತಾರೆ. ದೂರದ ಊರಿನಲ್ಲಿ ಅಪಘಾತವಾಗಿ ಸತ್ತರೆ ಗುರುತು ಹಿಡಿಯುವವರಿರಲಿ ಎಂದು ಕೆಲವರು ಮುಂಗೈಯ ಮೇಲೆ ತಮ್ಮ ಹೆಸರನ್ನೂ ಮನೆಯವರ ಹೆಸರನ್ನೂ ಹಚ್ಚೆ ಹಾಕಿಸಿಕೊಂಡಿರುತ್ತಾರೆ. ಮಹಾಮಾ ಆ ಮುಂಗೈಗಳ ಛಾಯಾಚಿತ್ರಗಳನ್ನು ತೆಗೆದು ಕೃತಿಗಳ ಭಾಗವಾಗಿಸಿದ್ದಾರೆ. ಚೀಲದ ಮೇಲಿನ ಹೆಸರು ಮತ್ತು ತೋಳಿನ ಮೇಲಿನ ಹೆಸರು, ಎರಡನ್ನೂ ಬರೆಸಿದ್ದು ಕಳೆದುಹೋಗುವ ಭಯವೇ. ಅದನ್ನು ಕಂಡ ಮೇಲೆ ನಾನು ಬಹಳ ಹೊತ್ತು ಅಲ್ಲಿಂದ ಮುಂದೆ ಹೋಗಲಿಲ್ಲ.

ಇದಕ್ಕೆ ಕೆಲವು ವರ್ಷ ಮೊದಲು, ಯುರೋಪಿನ ಒಂದು ಖಾಸಗಿ ಗ್ಯಾಲರಿಯಲ್ಲಿ ಆಫ್ರಿಕಾದ ಇಂಥದೇ ಒಂದು ಕೃತಿಯ ಮುಂದೆ ನಿಂತಿದ್ದೆ. ಪಕ್ಕದ ಚೀಟಿಯಲ್ಲಿ ಕಲಾವಿದನ ಹೆಸರು, ವರ್ಷ, ಅಳತೆ, ಆಮೇಲೆ ‘ಮಿಶ್ರ ಮಾಧ್ಯಮ’ ಎಂಬ ಎರಡು ಪದಗಳಿದ್ದವು. ಆ ವಸ್ತು ಎಲ್ಲಿಂದ ಬಂತು, ಮೊದಲು ಏನು ಹೊತ್ತಿತ್ತು, ಯಾರು ಹೊಲಿದರು ಎಂದು ಕೇಳಿದಾಗ ಅಲ್ಲಿದ್ದವರು ನಯವಾಗಿಯೇ ಬೆಲೆಪಟ್ಟಿಯ ಹಾಳೆಯನ್ನು ನನ್ನ ಕೈಗಿತ್ತರು. ಚಿನ್ನದ ಒಡವೆಗೆ ಇಷ್ಟು ಕ್ಯಾರೆಟ್ ಎಂದು ಬರೆಯುವ ಲೋಕ, ಇದ್ದಿಲಿನ ಚೀಲಕ್ಕೆ ಇದ್ದಿಲಿನ ಚೀಲ ಎಂದು ಬರೆಯಲು ಯಾಕೆ ಹಿಂಜರಿಯಬೇಕು ಎಂಬ ಬೇಸರ ಅಂದಿನಿಂದಲೂ ನನ್ನಲ್ಲಿ ಉಳಿದಿತ್ತು. ತಮಾಲೆಗೆ ಹೋಗಲೇಬೇಕೆಂದು ನಿರ್ಧರಿಸಿದ್ದಕ್ಕೆ ಆ ದಿನವೂ ಒಂದು ಕಾರಣ.

ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಮಹಾಮಾ ಮೊದಲಿಗರೇನೂ ಅಲ್ಲ. ಘಾನಾದ ಅನ್ಯಾಕೊದಲ್ಲಿ 1944ರಲ್ಲಿ ಹುಟ್ಟಿದ ಎಲ್ ಅನಾಟ್ಸುಯಿ 1975ರಿಂದ ನೈಜೀರಿಯಾದ ನ್ಸುಕ್ಕಾದಲ್ಲಿ ಶಿಲ್ಪಕಲೆಯ ಪಾಠ ಹೇಳುತ್ತಿದ್ದವರು. 1990ರ ದಶಕದ ಕೊನೆಯಲ್ಲಿ ಅವರಿಗೆ ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳ ತುಂಬಿದ ಚೀಲವೊಂದು ಸಿಕ್ಕಿತು. ಆ ಮುಚ್ಚಳಗಳನ್ನು ಚಪ್ಪಟೆ ಮಾಡಿ, ಮಡಚಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿ ಅವರು ರಚಿಸಿದ ಹೊದಿಕೆಗಳು ದೂರದಿಂದ ಜರಿಯ ಬಟ್ಟೆಯಂತೆ ಹೊಳೆಯುತ್ತವೆ. ಆದರೆ ಮದ್ಯವು ಐರೋಪ್ಯರು ಪಶ್ಚಿಮ ಆಫ್ರಿಕಾಕ್ಕೆ ವಿನಿಮಯಕ್ಕೆಂದು ತಂದ ಸರಕುಗಳಲ್ಲಿ ಒಂದು, ಅದೇ ವಿನಿಮಯದಲ್ಲಿ ಮನುಷ್ಯರನ್ನೂ ಸಾಗಿಸಲಾಯಿತು ಎಂಬುದು ಆ ಹೊಳಪಿನ ಹಿಂದೆಯೇ ಇದೆ. 2015ರಲ್ಲಿ ಅಂತರರಾಷ್ಟ್ರೀಯ ಕಲಾಮೇಳವಾದ ವೆನಿಸ್ ಬಿಯೆನಾಲೆ ಅವರಿಗೆ ಜೀವಮಾನ ಸಾಧನೆಯ ಸ್ವರ್ಣಸಿಂಹ ಪ್ರಶಸ್ತಿ ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಬೃಹತ್ ಸಭಾಂಗಣದಲ್ಲಿ ಹಡಗಿನ ಹಾಯಿಯಂತೆ ತೂಗಿದ ಅವರ ಕೃತಿಯನ್ನು ನೋಡಿದವರಿಗೆ, ಸಕ್ಕರೆಯ ಸಂಪತ್ತಿನಿಂದ ಹುಟ್ಟಿದ ಸಂಸ್ಥೆಯೊಂದರಲ್ಲಿ ಆ ಹಾಯಿ ಯಾಕೆ ಎದ್ದಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೆನಿನ್ ದೇಶದ ರೊಮುವಾಲ್ಡ್ ಹಝೂಮೆ ಅವರ ವಸ್ತು ಪ್ಲಾಸ್ಟಿಕ್ ಪೆಟ್ರೋಲ್ ಕ್ಯಾನು. ನೈಜೀರಿಯಾದಿಂದ ಬೆನಿನ್‌ಗೆ ಕಳ್ಳಸಾಗಣೆಯಲ್ಲಿ ಪೆಟ್ರೋಲ್ ತರುವ ಯುವಕರು ಕ್ಯಾನುಗಳನ್ನು ಬೆಂಕಿಯ ಮೇಲೆ ಹಿಡಿದು ಉಬ್ಬಿಸುತ್ತಾರೆ, ಹೆಚ್ಚು ಪೆಟ್ರೋಲ್ ಹಿಡಿಸಲಿ ಎಂದು; ಗೋಡೆ ತೆಳುವಾದ ಕ್ಯಾನು ಒಂದು ದಿನ ಸಿಡಿಯುತ್ತದೆ. ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿರುವ ಅವರ ‘ಲಾ ಬೂಶ್ ದ್ಯು ರುವಾ’ ಕೃತಿಯಲ್ಲಿ 304 ಕ್ಯಾನುಗಳನ್ನು ಗುಲಾಮರ ಹಡಗಿನ ಪ್ರಸಿದ್ಧ ನಕ್ಷೆಯ ಆಕಾರದಲ್ಲಿ ಜೋಡಿಸಲಾಗಿದೆ. ಪ್ರತಿ ಕ್ಯಾನಿಗೂ ಬಾಯಿ ಇದೆ, ಹಿಡಿಕೆಯೇ ಮೂಗು. ಮೊಜಾಂಬಿಕ್‌ನ ಗೊನ್ಸಾಲೊ ಮಬುಂಡಾ 1992ರಲ್ಲಿ ಮುಗಿದ ಅಂತರ್ಯುದ್ಧದ ಬಂದೂಕುಗಳಿಂದ ಸಿಂಹಾಸನ ಮಾಡುತ್ತಾರೆ. ಘಾನಾದ ರಾಜಧಾನಿ ಅಕ್ರಾದ ಸೆರ್ಜ್ ಅಟ್ಟುಕ್ವೇ ಕ್ಲಾಟಿ ಹಳದಿ ಕ್ಯಾನುಗಳನ್ನು ಚೌಕಗಳಾಗಿ ಕತ್ತರಿಸಿ ಹೊಲಿಯುತ್ತಾರೆ. ಅಡುಗೆ ಎಣ್ಣೆ ಹೊತ್ತು ಬಂದು, ನೀರಿನ ಅಭಾವದ ದಿನಗಳಲ್ಲಿ ನೀರು ತುಂಬಿಸಿಡಲು ಬಳಕೆಯಾದ ಆ ಕ್ಯಾನುಗಳಿಗೆ ಜನ ಅಂದಿನ ಅಧ್ಯಕ್ಷರ ಹೆಸರು ಸೇರಿಸಿ ‘ಕುಫೋರ್ ಗ್ಯಾಲನ್’ ಎಂದೇ ಕರೆದರು. ಈ ಎಲ್ಲರಲ್ಲೂ ವಸ್ತುವಿನ ಪೂರ್ವಜನ್ಮ ತಿಳಿದಷ್ಟೂ ಕೃತಿ ಬಿಚ್ಚಿಕೊಳ್ಳುತ್ತದೆ. ರೆಡ್ ಕ್ಲೇಯ ವಿಶೇಷವೆಂದರೆ ಆ ಪೂರ್ವಜನ್ಮವನ್ನು ತಿಳಿಯಲು ಓದಲೇಬೇಕೆಂದಿಲ್ಲ. ತಮಾಲೆಯ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಅಡ್ಡಾಡಿ ಮಧ್ಯಾಹ್ನ ಅಲ್ಲಿಗೆ ಹೋದರೆ, ಬೆಳಿಗ್ಗೆ ಹೆಗಲ ಮೇಲೆ ಕಂಡ ಚೀಲವೇ ಮಧ್ಯಾಹ್ನ ಗೋಡೆಯ ಮೇಲೆ ಕಾಣುತ್ತದೆ.

ಕಟ್ಟಡಗಳ ವಿಷಯಕ್ಕೆ ಬರುತ್ತೇನೆ. ಸ್ಥಳೀಯ ಕೆಂಪು ಇಟ್ಟಿಗೆಯ ದೊಡ್ಡ ಅಂಗಣಗಳು, ಎತ್ತರದ ಚಾವಣಿ, ಗಾಳಿಗೂ ಬೆಳಕಿಗೂ ಬಿಟ್ಟ ಅಗಲವಾದ ತೆರಪುಗಳು. ಅವುಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ‘ಪಾರ್ಲಿಮೆಂಟ್ ಆಫ್ ಘೋಸ್ಟ್ಸ್’, ಅಂದರೆ ಗತಿಸಿದವರ ಸಂಸತ್ತು. 2019ರಲ್ಲಿ ಮ್ಯಾಂಚೆಸ್ಟರಿನ ವಿಟ್‌ವರ್ತ್ ಗ್ಯಾಲರಿಯಲ್ಲಿ ಮಹಾಮಾ ಘಾನಾ ರೈಲ್ವೆ ಕೈಬಿಟ್ಟ 120 ಪ್ಲಾಸ್ಟಿಕ್ ಆಸನಗಳನ್ನು ಶಾಸನಸಭೆಯಂತೆ ಎದುರುಬದುರಾಗಿ ಜೋಡಿಸಿದ್ದರು. ಅದೇ ಕಲ್ಪನೆ ಇಲ್ಲಿ ಇಟ್ಟಿಗೆಯಲ್ಲಿ ನೆಲೆನಿಂತಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಾಲುಗಳಲ್ಲಿ ಯಾರು ಬೇಕಾದರೂ ಕುಳಿತುಕೊಳ್ಳಬಹುದು. ಸಭೆಗಳು, ಉಪನ್ಯಾಸಗಳು, ಶಾಲೆಯ ಮಕ್ಕಳ ಚಟುವಟಿಕೆಗಳು ಅಲ್ಲೇ ನಡೆಯುತ್ತವೆ. ಮ್ಯಾಂಚೆಸ್ಟರ್ ಹತ್ತಿಯ ನಗರ. ಅದನ್ನು ಕಟ್ಟಿದ್ದರಲ್ಲಿ ವಸಾಹತುಗಳ ಕಚ್ಚಾ ಮಾಲಿಗೂ ಪಾಲಿದೆ. ಅಲ್ಲಿ ಆ ಆಸನಗಳು ಒಂದು ಪ್ರಶ್ನೆಯನ್ನು ಮುಂದಿಟ್ಟಿದ್ದವು. ಇಲ್ಲಿ ಅದೇ ಕಲ್ಪನೆಗೆ ಒಂದು ಕೆಲಸ ಸಿಕ್ಕಿದೆ, ಮತ್ತು ಕೆಲಸ ಸಿಕ್ಕ ಕೃತಿ ನನ್ನ ದೃಷ್ಟಿಯಲ್ಲಿ ಹೆಚ್ಚು ದೊಡ್ಡದು.

ಅಂಗಳದಲ್ಲಿ ಹಳೆಯ ವಿಮಾನಗಳಿವೆ. ಹಾರಾಟ ನಿಲ್ಲಿಸಿ ಅಕ್ರಾದಲ್ಲಿ ಬಿದ್ದಿದ್ದ ಅವನ್ನು ಬಿಡಿಭಾಗಗಳಾಗಿ ಕಳಚಿ, ಲಾರಿಗಳಲ್ಲಿ ಸುಮಾರು 600 ಕಿಲೋಮೀಟರ್ ರಸ್ತೆಯಲ್ಲಿ ಸಾಗಿಸಿ, ಇಲ್ಲಿ ಮತ್ತೆ ಜೋಡಿಸಲಾಗಿದೆ. ಒಳಗೆ ಮಕ್ಕಳಿಗೆ ಕಾರ್ಯಾಗಾರಗಳು ನಡೆಯುತ್ತವೆ. ಮೊದಲು ಇದನ್ನು ಕೇಳಿದಾಗ, ನಿಜ ಹೇಳಬೇಕೆಂದರೆ, ನನಗೆ ಅಷ್ಟಾಗಿ ರುಚಿಸಿರಲಿಲ್ಲ. ದೊಡ್ಡ ವಸ್ತುವನ್ನು ತಂದು ನಿಲ್ಲಿಸಿ ಬೆರಗು ಹುಟ್ಟಿಸುವುದು ಸುಲಭದ ದಾರಿ ಎಂಬ ಅನುಮಾನವಿತ್ತು. ಒಳಗೆ ಹೋಗಿ ಕುಳಿತ ಮೇಲೆ ಅನುಮಾನ ಕರಗಿತು. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕಿಟಕಿಯ ಪಕ್ಕ ಕುಳಿತು ಚಿತ್ರ ಬಿಡಿಸುತ್ತಿದ್ದಳು. ಕಿಟಕಿಯ ಹೊರಗೆ ಮೋಡಗಳಿರಲಿಲ್ಲ, ಅವಳ ಸಹಪಾಠಿಗಳು ಓಡಾಡುತ್ತಿದ್ದರು. ಅವಳ ಹಾಳೆಯಲ್ಲಿ ರೆಕ್ಕೆಯ ಒಳಭಾಗದ ಸರಳುಗಳು, ಮೊಳೆಗಳ ಸಾಲು, ಬಾಗಿಲಿನ ಕೀಲು ಒಂದೊಂದಾಗಿ ಮೂಡುತ್ತಿದ್ದವು. ವಿಮಾನವನ್ನು ಆಕಾಶದಲ್ಲಿ ಚುಕ್ಕಿಯಾಗಿ ನೋಡಿದ ಮಗುವಿಗೂ, ಅದರ ಕೀಲನ್ನು ಮುಟ್ಟಿ ನೋಡಿ ಬರೆದ ಮಗುವಿಗೂ ಇರುವ ವ್ಯತ್ಯಾಸಕ್ಕಾಗಿ ಅಷ್ಟು ದೂರದ ಲಾರಿ ಪ್ರಯಾಣ ಸಾರ್ಥಕ ಎಂದು ನನಗೆ ಅನಿಸಿತು.

ಎರಡನೆಯ ದಿನವನ್ನು ನಗರದೊಳಗಿನ ಕಣಜಕ್ಕೆ ಮೀಸಲಿಟ್ಟಿದ್ದೆ. ಸ್ವಾತಂತ್ರ್ಯ ಬಂದ ನಂತರದ ವರ್ಷಗಳಲ್ಲಿ ಕ್ವಾಮೆ ಎನ್‌ಕ್ರುಮಾ ಸರ್ಕಾರ ಬೆಳೆಯನ್ನು ದೇಶದಲ್ಲೇ ಸಂಗ್ರಹಿಸಿಟ್ಟು ಅಂತರರಾಷ್ಟ್ರೀಯ ಬೆಲೆಯ ಏರಿಳಿತಕ್ಕೆ ಸಿಗದಂತೆ ಕಾಪಾಡಿಕೊಳ್ಳಬೇಕೆಂದು ಬೃಹತ್ ಕಾಂಕ್ರೀಟ್ ಕಣಜಗಳನ್ನು ಕಟ್ಟಿಸತೊಡಗಿತು. 1966ರ ಫೆಬ್ರವರಿಯಲ್ಲಿ ಸೈನಿಕ ದಂಗೆ ನಡೆದು ಎನ್‌ಕ್ರುಮಾ ಅಧಿಕಾರ ಕಳೆದುಕೊಂಡರು, ಕಣಜಗಳು ಅರ್ಧಕ್ಕೇ ನಿಂತವು. ತಮಾಲೆಯ ಕಣಜಕ್ಕೆ ಈಗಿರುವ ಹೆಸರು ಎನ್‌ಕ್ರುಮಾ ವೊಲಿನಿ. ದಗ್ಬಾನಿ ಭಾಷೆಯ ‘ವೊಲಿನಿ’ ಎಂದರೆ ಕುಳಿಯ ಒಳಗು. ಮಹಾಮಾ ಅದನ್ನು ಕೊಂಡ ಮೇಲೆ ಹೊಸದಾಗಿ ಕಾಣುವಂತೆ ತಿದ್ದಲು ಹೋಗಲಿಲ್ಲ. ಕಾಂಕ್ರೀಟಿನ ಮೇಲೆ ಮಳೆನೀರು ಎಳೆದ ಕಪ್ಪು ಗೆರೆಗಳು ಹಾಗೆಯೇ ಇವೆ, ದಶಕಗಳಿಂದ ಒಳಗೆ ಬೀಡುಬಿಟ್ಟಿದ್ದ ಬಾವಲಿಗಳನ್ನೂ ಅವರು ಒಕ್ಕಲೆಬ್ಬಿಸಲಿಲ್ಲ. ಸಿಕ್ಕ ವಸ್ತುವಿನಿಂದ ಕಲೆ ಎಂಬ ಮಾತಿಗೆ ಇಡೀ ಕಟ್ಟಡವೇ ಸಿಕ್ಕ ವಸ್ತುವಾಗಬಹುದು, ಅದರ ಜೊತೆಗೆ ನಿಂತುಹೋದ ಒಂದು ರಾಷ್ಟ್ರದ ಯೋಜನೆಯೂ ಸಿಗಬಹುದು ಎಂಬುದು ನನಗೆ ಸ್ಪಷ್ಟವಾದದ್ದು ಇಲ್ಲಿ.

ಮಹಾಮಾ ಅವರ ಕಲೆಯ ಬಗ್ಗೆ ನನಗಿರುವ ಒಂದು ತಕರಾರನ್ನೂ ಹೇಳಿಬಿಡಬೇಕು. 2015ರಲ್ಲಿ ವೆನಿಸ್‌ನ ಹಳೆಯ ಹಡಗುಕಟ್ಟೆಯಾದ ಆರ್ಸೆನಾಲೆಯ ಉದ್ದನೆಯ ಓಣಿಯ ಎರಡೂ ಗೋಡೆಗಳನ್ನು, 2017ರಲ್ಲಿ ಜರ್ಮನಿಯ ಕಾಸೆಲ್‌ನ ಹಳೆಯ ಕಾವಲುಮನೆಗಳನ್ನು ಅವರು ಗೋಣಿಯಿಂದ ಮುಚ್ಚಿದರು. 2024ರಲ್ಲಿ ಲಂಡನ್ನಿನ ಬಾರ್ಬಿಕನ್ ಕಟ್ಟಡಕ್ಕೆ ತಮಾಲೆಯಲ್ಲಿ ಕೈಮಗ್ಗದಲ್ಲಿ ನೇಯಿಸಿದ ನೇರಳೆ ಗುಲಾಬಿ ಬಣ್ಣದ ಸುಮಾರು 2000 ಚದರ ಮೀಟರ್ ಬಟ್ಟೆಯನ್ನು ಹೊದಿಸಿದರು. ಅದರ ಮೇಲೆ ಉತ್ತರ ಘಾನಾದ ಮನೆಗಳಿಂದ ಸಂಗ್ರಹಿಸಿದ ಸುಮಾರು ನೂರು ಹಳೆಯ ಬಟಕಾರಿ ನಿಲುವಂಗಿಗಳನ್ನು ಹೊಲಿಯಲಾಗಿತ್ತು. ಛಾಯಾಚಿತ್ರಗಳಲ್ಲಿ ಇವು ಭವ್ಯವಾಗಿವೆ. ಆದರೆ ಆ ಅಳತೆಗೆ ಏರಿದ ಕೂಡಲೇ ಚೀಲದ ಮೇಲಿನ ಹೆಸರನ್ನು ಓದಲಾಗುವುದಿಲ್ಲ, ತಲೆಮಾರುಗಳಿಂದ ಜೋಪಾನ ಮಾಡಿದ ನಿಲುವಂಗಿಯ ಕತ್ತಿನ ಕಸೂತಿ ಕಣ್ಣಿಗೆ ನಿಲುಕುವುದಿಲ್ಲ. ಒಟ್ಟು ಆಕಾರದ ಗಾಂಭೀರ್ಯ ಒಬ್ಬೊಬ್ಬರ ಗುರುತನ್ನು ನುಂಗಿಬಿಡುತ್ತದೆ. ತಮಾಲೆಯಲ್ಲಿ ಈ ನಷ್ಟವಿಲ್ಲ: ಗೋಣಿಯ ಅಂಚು ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಇರುತ್ತದೆ, ದಬ್ಬಣ ಚುಚ್ಚಿದ ತೂತು ಕಾಣುತ್ತದೆ, ವಾಸನೆಯೂ ಉಳಿದಿದೆ. ಇದ್ದಿಲಿನದು, ಧಾನ್ಯದ್ದು, ಬಿಸಿಲಿಗೆ ಕಾದ ಸೆಣಬಿನದು.

ಹೋಗಬಯಸುವವರಿಗೆ ಕೆಲವು ಮಾತು. ಅಕ್ರಾದಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆ. ಬಸ್ಸಿನಲ್ಲಿ ಹೋದರೆ ಇಡೀ ದಿನ ಅಥವಾ ಇಡೀ ರಾತ್ರಿ. ನನ್ನ ಸಲಹೆ ಒಂದು ಕಡೆಗಾದರೂ ರಸ್ತೆಯ ಪ್ರಯಾಣ, ಏಕೆಂದರೆ ಕೋಕೋ ಸೀಮೆಯ ದಟ್ಟ ಹಸಿರು ಕುಮಾಸಿ ದಾಟಿದ ಮೇಲೆ ತೆಳುವಾಗುತ್ತ ಹುಲ್ಲುಗಾಡಾಗುವುದನ್ನು ನೋಡಿದರೆ ಹಳಿ ಯಾವ ಭಾಗದಲ್ಲಿ ನಿಂತಿತು ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಗಾಳಿ ದೂಳು ತುಂಬಿಸುತ್ತದೆ, ಉಸಿರಾಟದ ತೊಂದರೆ ಇರುವವರು ಆ ತಿಂಗಳುಗಳನ್ನು ಬಿಡುವುದು ಒಳ್ಳೆಯದು. ಮಾರ್ಚ್, ಏಪ್ರಿಲ್ ಬಿಸಿಲು ತುಂಬ ಕಠಿಣ. ನಗರದಿಂದ ಟ್ಯಾಕ್ಸಿಯಲ್ಲಿ ಹೋಗಬಹುದು. ನನ್ನ ಚಾಲಕನಿಗೆ ರೆಡ್ ಕ್ಲೇ ಎಂದದ್ದೇ ಸಾಕಾಯಿತು. ಒಂದು ಗಂಟೆಯಲ್ಲಿ ಮುಗಿಸಿಬರುವ ಯೋಚನೆ ಬೇಡ; ಕಡಿಮೆಯೆಂದರೆ ಅರ್ಧ ದಿನ ಬೇಕು, ಕಣಜವನ್ನೂ ಸವನ್ನಾ ಕೇಂದ್ರವನ್ನೂ ಸೇರಿಸಿದರೆ ಎರಡು ದಿನ. ಅಲ್ಲಿರುವ ಯುವಕ ಯುವತಿಯರು ಕೇಳಿದ್ದಕ್ಕೆ ತಾಳ್ಮೆಯಿಂದ ಉತ್ತರಿಸುತ್ತಾರೆ, ಆದ್ದರಿಂದ ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡು ಹೋಗಿ. ಮಕ್ಕಳಿದ್ದರೆ ಖಂಡಿತ ಕರೆದೊಯ್ಯಿರಿ.

ಹೊರಡುವ ಮುನ್ನ ಮತ್ತೊಮ್ಮೆ ಗೋಣಿಯ ಗೋಡೆಯ ಬಳಿಗೆ ಹೋದೆ. ಸಂಜೆಯ ಬೆಳಕು ಓರೆಯಾಗಿ ಬಿದ್ದು ಹೊಲಿಗೆಗಳೆಲ್ಲ ಉಬ್ಬಿ ಕಾಣುತ್ತಿದ್ದವು. ನನ್ನ ಎದೆಯೆತ್ತರದಲ್ಲಿದ್ದ ಒಂದು ಚೀಲದಲ್ಲಿ ಕೋಕೋ ಮಂಡಳಿಯ ಹಸಿರು ಮುದ್ರೆ ಮಾಸಿತ್ತು, ಅದರ ಮೇಲೆ ನೀಲಿ ಶಾಯಿಯಲ್ಲಿ ಯಾರೋ ಬರೆದ ಹೆಸರು, ಆ ಹೆಸರಿಗೆ ಅಡ್ಡವಾಗಿ ಕಪ್ಪು ದಾರದಿಂದ ಹಾಕಿದ ಒಂಬತ್ತು ಹೊಲಿಗೆಗಳು. ಹೊಲಿದವರು ಅಕ್ಷರಗಳು ಮುಚ್ಚಿಹೋಗದಂತೆ ದಾರವನ್ನು ಅವುಗಳ ನಡುವಿನಿಂದಲೇ ಎಳೆದಿದ್ದರು.